ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳೂ ಶಿವಯೋಗಮಂದಿರದ ಸಾಧಕವಾಸವೂ

ತುಂಗಭದ್ರೆಯ ಎಡದಂಡೆಯಲ್ಲಿ ಹಬ್ಬಿಕೊಂಡಿರುವ ರಾಣೇಬೆನ್ನೂರು ಸೀಮೆಯು ಶಿವಶರಣರ ಹೆಜ್ಜೆ ಬಿದ್ದ ನೆಲವಾಗಿದೆ. ಅಂಬಿಗರ ಚೌಡಯ್ಯನವರ ಹೆಸರನ್ನು ಹೊತ್ತ ಚೌಡಯ್ಯದಾನಪುರವು ಇದೇ ತಾಲ್ಲೂಕಿನಲ್ಲಿ ನದಿಯ ತಡಿಯಲ್ಲಿರುವದು. ಏಕಾಂತದ ರಾಮಯ್ಯನವರ ಅಬ್ಬಲೂರು ನೆರೆಯ ಹಿರೇಕೆರೂರು ತಾಲ್ಲೂಕಿನಲ್ಲಿರುವದು. ಇಂತಹ ಸೀಮೆಯ ಜೋಯಿಸರಹರಳಹಳ್ಳಿ ಎಂಬ ಸಣ್ಣ ಹಳ್ಳಿಯಲ್ಲಿ, ಸಾಲಿಮಠದ ಬಸವಯ್ಯನವರೂ ನೀಲಮ್ಮನವರೂ ಎಂಬ ಜಂಗಮದಂಪತಿಗಳ ಉದರದಲ್ಲಿ 1867ನೆಯ ಇಸವಿಯಲ್ಲಿ ಜನಿಸಿದ ಹಾಲಯ್ಯನೆಂಬ ಬಾಲಕನೇ ಮುಂದೆ ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಮಹಾಸ್ವಾಮಿಗಳೆಂದು ಕನ್ನಡ ನಾಡಿಗೆಲ್ಲ ಪೂಜ್ಯರಾದರು. ಅವರ ಚರಿತ್ರೆಯನ್ನು ಬಲ್ಲವರು ಬಹು ಮಂದಿ ಇರುವರು. ಆದುದರಿಂದ ಈ ಲೇಖನದಲ್ಲಿ ಅವರ ಜೀವಿತದ ಎಲ್ಲ ಸಂಗತಿಗಳನ್ನೂ ಒಂದೇ ಸಮನೆ ಹೇಳಹೊರಡದೆ, ಗುರುಸನ್ನಿಧಿಯಲ್ಲಿ ವಾಸಮಾಡಿ ತನ್ನನ್ನು ತಾನು ತಿದ್ದಿಕೊಳ್ಳುವ ವಿದ್ಯೆಯನ್ನು ಅವರು ಎಲ್ಲಿ ಕಲಿತರು, ಹೇಗೆ ಅದನ್ನು ನೂರಾರು ಬಾಲಕರಿಗೆ ದೊರೆಯುವಂತೆ ಮಾಡಿದರು ಎಂಬಷ್ಟನ್ನೇ ಮುಖ್ಯವಾಗಿ ನಿರೂಪಿಸಲು ಯತ್ನಿಸಿರುತ್ತೇನೆ.

ಆಗ ರಾಣೇಬೆನ್ನೂರು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿತ್ತು. ಹಾವೇರಿಯು ಬೇರೆ ಜಿಲ್ಲೆಯಾದುದು 1997ರಲ್ಲಿ. ಮನೆಯ ಹೆಸರೇ ಸೂಚಿಸುವಂತೆ ಸಾಲಿಮಠದವರು ಊರ ಮಕ್ಕಳಿಗೆ ಅಕ್ಷರ ಕಲಿಸುವ ಮನೆತನದವರು. ಸಂಪತ್ತು ಅಲ್ಲಿ ಹೆಚ್ಚೇನೂ ಇರಲಿಲ್ಲ. ಹಾಲಯ್ಯನಿಗೆ ಒಂಬತ್ತು ಹತ್ತು ವರ್ಷವಾಗಿದ್ದಾಗ, 1876ರಿಂದ 1878ರ ವರೆಗೆ, ದಕ್ಷಿಣದೇಶವನ್ನೆಲ್ಲ ನುಂಗಿದ ಘೋರ ಬರಗಾಲವು ಈ ಭಾಗವನ್ನೂ ಬಿಡಲಿಲ್ಲ. ಅನ್ನವೆಂಬುದರ ಬೆಲೆಯನ್ನು ಆ ವಯಸ್ಸಿನಲ್ಲಿ ಕಂಡವನು ಅದನ್ನು ಕೊನೆಯ ವರೆಗೆ ಮರೆಯಲಾರನು. ಕುಮಾರ ಸ್ವಾಮಿಗಳು ಮುಂದೆ ದಾಸೋಹಕ್ಕೆ ಕೊಟ್ಟ ಪ್ರಾಶಸ್ತ್ಯವನ್ನು ಕಂಡಾಗ ಈ ಲೇಖಕನಿಗೆ ಆ ಬರಗಾಲದ ನೆನಪಾಗುವದುಂಟು.

ಬಾಲಕನು ಕಜ್ಜರಿಯಲ್ಲಿ ಕನ್ನಡ ಶಾಲೆಯ ಅಭ್ಯಾಸವನ್ನು ಮಾಡಿದನು. ಅಂದಿನ ದಿನಗಳಲ್ಲಿ ಹಳ್ಳಿಯ ಹುಡುಗನ ವಿದ್ಯೆಗೆ ಮುಲ್ಕಿ ಪರೀಕ್ಷೆಯೇ ಶಿಖರ. ಅದರಲ್ಲಿ ತೇರ್ಗಡೆಯಾದವನಿಗೆ ಸರಕಾರದ ಚಾಕರಿ ಕಾದಿರುತ್ತಿತ್ತು. ಹಾಲಯ್ಯನು ಆ ಪರೀಕ್ಷೆಯಲ್ಲಿ ಸಫಲನಾಗಲಿಲ್ಲ. ಸಫಲನಾಗಿದ್ದರೆ ಒಬ್ಬ ಒಳ್ಳೆಯ ಮಾಸ್ತರನಾಗಿಯೋ ಕಾರಕೂನನಾಗಿಯೋ ಬಾಳಿ ನಿವೃತ್ತನಾಗುತ್ತಿದ್ದನೇನೋ! ಲಿಂಗದಹಳ್ಳಿಯಲ್ಲಿ ಕೆಲವು ಕಾಲ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದನು. ಹಗಲೆಲ್ಲ ಮಕ್ಕಳಿಗೆ ಬಳ್ಳಿ ಲೆಕ್ಕಗಳನ್ನು ಹೇಳಿಕೊಡುತ್ತಿದ್ದರೂ ಮನಸ್ಸು ಮಾತ್ರ ನಿಜಗುಣ ಶಿವಯೋಗಿಗಳ ಶಾಸ್ತ್ರಗಳಲ್ಲಿ ನೆಟ್ಟಿತ್ತು. ಓದಿದಂತೆಲ್ಲ ಸಂಶಯಗಳು ಹೆಚ್ಚಿದವು. ಬಿಡಿಸಿ ಹೇಳುವವರು ಹಳ್ಳಿಯಲ್ಲಿ ಯಾರಿದ್ದರು? ಗುರುವಿಲ್ಲದೆ ಗ್ರಂಥವು ಬಾಯಿ ಬಿಡದೆಂಬುದನ್ನು ಮನಗಂಡು ಮನೆಯನ್ನು ತೊರೆದು ಹುಬ್ಬಳ್ಳಿಯ ದಾರಿಯನ್ನು ಹಿಡಿದನು.

ಹುಬ್ಬಳ್ಳಿಯಲ್ಲಿ ಆಗ ಶ್ರೀ ಸಿದ್ಧಾರೂಢ ಸ್ವಾಮಿಗಳ ಸನ್ನಿಧಿಯು ವೇದಾಂತಶ್ರವಣಕ್ಕೆ ಹೆಸರಾಗಿತ್ತು. ಎಲ್ಲ ಜಾತಿಯ ಜಿಜ್ಞಾಸುಗಳೂ ಅಲ್ಲಿ ನೆರೆಯುತ್ತಿದ್ದರು. ಹಾಲಯ್ಯನವರು ಅಲ್ಲಿ ವಾಸಮಾಡಿ ಶಾಸ್ತ್ರಶ್ರವಣವನ್ನು ನಿಷ್ಠೆಯಿಂದ ಮಾಡಿದರು. ಅಲ್ಲಿಯೇ ಅವರ ಜೀವನದ ಮೊದಲನೆಯ ದೊಡ್ಡ ಸಂಕಟವೂ ಎದುರಾಯಿತು. ತಾನೇ ಬ್ರಹ್ಮವೆಂಬ ಅರಿವು ಮೂಡಿದವನಿಗೆ ಕರದಲ್ಲಿ ಇಷ್ಟಲಿಂಗವನ್ನಿರಿಸಿ ಪೂಜಿಸುವ ಅವಶ್ಯಕತೆಯುಂಟೆ ಎಂಬ ಪ್ರಶ್ನೆ ಅದು. ಅದ್ವೈತವಿಚಾರದಲ್ಲಿ ಮುಳುಗಿದ ಮನಸ್ಸಿಗೆ ಪೂಜೆಯು ಮೆಟ್ಟಿಲು ಮಾತ್ರವೆಂದು ತೋರುವದು ಸಹಜ. ಆದರೆ ಹಾಲಯ್ಯನವರ ಅಂತಃಕರಣವು ಇದಕ್ಕೆ ಒಪ್ಪಲಿಲ್ಲ. ಅರಿವೂ ಆಚಾರವೂ ಬೇರೆಬೇರೆ ದಾರಿಗಳಲ್ಲವೆಂದೂ, ಲಿಂಗಾಂಗಸಾಮರಸ್ಯವು ಕೈಯ ಮೇಲಿನ ಲಿಂಗದಿಂದಲೇ ಮೊದಲಾಗಬೇಕೆಂದೂ ಅವರಿಗೆ ದೃಢವಾಗಿ ತೋರಿತು. ಆರೂಢರಲ್ಲಿ ಗೌರವವನ್ನು ಉಳಿಸಿಕೊಂಡೇ ಅವರು ಆ ಸನ್ನಿಧಿಯಿಂದ ಹೊರಬಂದರು. ಎರಡು ಪಕ್ಷದವರೂ ಈ ಪ್ರಸಂಗವನ್ನು ಬಣ್ಣಕಟ್ಟಿ ಹೇಳುವದುಂಟು. ಆದರೆ ಇದನ್ನು ಜಗಳವೆಂದು ಎಣಿಸುವದು ಸಲ್ಲದು. ಶಾಸ್ತ್ರಾಭ್ಯಾಸದ ಶಿಸ್ತನ್ನು ಅವರು ಕಲಿತುದು ಅಲ್ಲಿಯೇ ಅಲ್ಲವೆ?

ತರುವಾಯ ಎಮ್ಮಿಗನೂರಿನ ಜಡೆಸಿದ್ಧ ಶಿವಯೋಗಿಗಳ ದರ್ಶನವೂ, ಅನಂತರ ಎಳಂದೂರಿನ ಶ್ರೀ ಬಸವಲಿಂಗ ಸ್ವಾಮಿಗಳ ಆಶ್ರಯವೂ ಅವರಿಗೆ ಲಭಿಸಿದವು. ಬಸವಲಿಂಗ ಸ್ವಾಮಿಗಳೇ ಅವರು ಅರಸುತ್ತಿದ್ದ ಗುರುಗಳು. ನಿಜಗುಣ ಶಿವಯೋಗಿಗಳ ತಪೋಭೂಮಿಯಾದ ಶಂಭುಲಿಂಗನ ಬೆಟ್ಟದಲ್ಲಿ ಗುರುಶಿಷ್ಯರು ವಾಸಮಾಡಿದರು. ಅಲ್ಲಿ ಕಟ್ಟಡವಿಲ್ಲ, ಗದ್ದಲವಿಲ್ಲ, ಹೊತ್ತು ಹೊತ್ತಿನ ಪೂಜೆ, ಅನುಸಂಧಾನ, ಗುರುಸೇವೆ ಇಷ್ಟೇ. ಗ್ರಂಥದಲ್ಲಿ ಓದಿದ ಶಿವಯೋಗವನ್ನು ಉಸಿರಿನಲ್ಲಿಯೂ ಊಟದಲ್ಲಿಯೂ ನಿದ್ದೆಯಲ್ಲಿಯೂ ನಡೆಸುವದು ಹೇಗೆಂಬುದನ್ನು ಹಾಲಯ್ಯನವರು ಕಲಿತುದು ಈ ವಾಸದಲ್ಲಿ. ಮಲಾಪಹಾರಿಯ ದಡದಲ್ಲಿ ಅವರು ಮುಂದೆ ಕಟ್ಟಿದ ಸಂಸ್ಥೆಯ ಬೀಜವು ಈ ಬೆಟ್ಟದ ಮೇಲೆ ಬಿದ್ದಿತೆಂದು ಹೇಳಿದರೆ ತಪ್ಪಾಗಲಾರದು.

ಹಾನಗಲ್ಲು ಪುರಾತನ ಪಟ್ಟಣ. ಕದಂಬರ ಆಳಿಕೆಯ ಊರು, ತಾರಕೇಶ್ವರ ದೇವಾಲಯದಿಂದ ಪ್ರಸಿದ್ಧವಾದುದು. ಪಾಂಡವರ ಕಾಲದ ವಿರಾಟನಗರವೆಂದು ಜನರು ಹೇಳುವರು. ಅಲ್ಲಿಯ ವಿರಕ್ತಮಠದ ಅಧಿಕಾರವು ಅವರ ಪಾಲಿಗೆ ಬಂದಿತು. ಪೀಠವನ್ನೇರಿದ ಬಳಿಕ ಸದಾಶಿವ ಸ್ವಾಮಿಗಳೆಂಬ ಅಭಿಧಾನವಾಯಿತಾದರೂ ಲೋಕದ ಬಾಯಲ್ಲಿ ಅವರು ಕುಮಾರ ಸ್ವಾಮಿಗಳೇ. ಮಠಕ್ಕೆ ಬಂದೊಡನೆ ಅವರು ಕೈಕೊಂಡ ಕಾರ್ಯವೆಂದರೆ ಪಾಠಶಾಲೆಯ ಸ್ಥಾಪನೆ. ಬಡ ಮಕ್ಕಳಿಗೆ ಅನ್ನ, ವಸತಿ, ವಿದ್ಯೆ ಮೂರನ್ನೂ ಮಠವೇ ಕೊಡಬೇಕೆಂಬುದು ಅವರ ನಿರ್ಧಾರ.

ಇಲ್ಲಿ ಆ ಕಾಲದ ಸ್ಥಿತಿಯನ್ನು ಸ್ವಲ್ಪ ತಿಳಿಸುವದು ಅವಶ್ಯ. ಲೌಕಿಕ ವಿದ್ಯೆಯ ಕಡೆಗೆ ಸಮಾಜವು ಆಗಲೇ ಎಚ್ಚತ್ತಿತ್ತು. ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ದಪ್ಪನವರು ಮೊದಲಾದ ಮಹನೀಯರ ಪ್ರಯತ್ನದಿಂದ 1883ರಲ್ಲಿ ಧಾರವಾಡದಲ್ಲಿ ವಿದ್ಯಾಭಿವೃದ್ಧಿಯ ಸಂಸ್ಥೆಯು ಹುಟ್ಟಿ, ಇಂಗ್ರೇಜಿ ಕಲಿಯುವ ಹುಡುಗರಿಗೆ ಸಹಾಯ ದೊರೆಯುತ್ತಿತ್ತು. ಆದರೆ ಮಠಗಳ ಗತಿಯೇನು? ಊರೂರಿಗೆ ಮಠವಿತ್ತು, ಮಠಕ್ಕೆ ಹೊಲಗದ್ದೆಗಳಿದ್ದವು, ಭಕ್ತರ ಕಾಣಿಕೆ ಇತ್ತು. ಸಣ್ಣ ಬಾಲಕನನ್ನು ತಂದು ಮರಿಯನ್ನಾಗಿ ಮಾಡಿ, ಹಿರಿಯ ಸ್ವಾಮಿಗಳ ಕಾಲಾನಂತರ ಪಟ್ಟಗಟ್ಟುವದು ರೂಢಿ. ಆ ಬಾಲಕನಿಗೆ ಸಂಸ್ಕೃತವಿಲ್ಲ, ಕನ್ನಡ ಶಾಸ್ತ್ರವಿಲ್ಲ, ಯೋಗಾಭ್ಯಾಸವಿಲ್ಲ. ವೈರಾಗ್ಯವು ಅವನಲ್ಲಿ ಹುಟ್ಟಿದೆಯೋ ಇಲ್ಲವೋ ಎಂದು ಕೇಳುವವರೂ ಇಲ್ಲ. ಹೀಗೆ ಪಟ್ಟಕ್ಕೆ ಬಂದವನು ವ್ಯಾಜ್ಯಗಳಲ್ಲಿಯೋ ಮೆರವಣಿಗೆಗಳಲ್ಲಿಯೋ ಕಾಲ ಕಳೆದರೆ ತಪ್ಪು ಅವನೊಬ್ಬನದೆ? ಕಾವಿಯನ್ನು ಹೊದಿಸಿದ ಸಮಾಜದ್ದೂ ಅಲ್ಲವೆ? ಕುಮಾರ ಸ್ವಾಮಿಗಳ ಮನಸ್ಸನ್ನು ಸುಟ್ಟ ಸಂಗತಿ ಇದೇ. ತಾವು ಹಳ್ಳಿಯಿಂದ ಹುಬ್ಬಳ್ಳಿಗೂ ಅಲ್ಲಿಂದ ಬೆಟ್ಟಕ್ಕೂ ಅಲೆದು ಪಡೆದುದನ್ನು ಪ್ರತಿಯೊಬ್ಬ ಬಾಲಕನೂ ಅಲೆದೇ ಪಡೆಯಬೇಕೆಂಬುದು ಎಲ್ಲಿಯ ನ್ಯಾಯ?

ಸಮಾಜವೆಲ್ಲ ಒಂದೆಡೆ ಕೂಡಿ ಆಲೋಚಿಸಬೇಕೆಂದು ಅವರು 1904ರಲ್ಲಿ ಧಾರವಾಡದಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯನ್ನು ಹುಟ್ಟಿಸಿದರು. ಮೊದಲನೆಯ ಅಧಿವೇಶನದ ಅಧ್ಯಕ್ಷಪದವಿಯನ್ನು ಶಿರಸಂಗಿಯ ಲಿಂಗರಾಜ ದೇಸಾಯರು ಅಲಂಕರಿಸಿದರು. ಸಮಸ್ತ ಆಸ್ತಿಯನ್ನು ವಿದ್ಯೆಗಾಗಿ ಮುಡಿಪಿಟ್ಟು 1906ರಲ್ಲಿ ಲಿಂಗೈಕ್ಯರಾದ ಆ ತ್ಯಾಗವೀರರ ಹೆಸರು ವಾಚಕರಿಗೆ ಹೊಸದಲ್ಲ. ಮಹಾಸಭೆಯ ಮುಂದಿನ ಚರಿತ್ರೆ, ಅದರೊಳಗಿನ ವಾದವಿವಾದಗಳು ಈ ಲೇಖನದ ವಿಷಯವಲ್ಲ. ನಮಗೆ ಬೇಕಾದುದಿಷ್ಟು: ಬಾಗಲಕೋಟೆಯಲ್ಲಿ ಕೂಡಿದ ಅಧಿವೇಶನದ ಹೊತ್ತಿಗೆ, ಮಠಾಧಿಕಾರಿಗಳಾಗತಕ್ಕ ಬಾಲಕರಿಗೆ ಒಂದು ಸಾಧನಾಕೇಂದ್ರವು ಅವಶ್ಯವೆಂಬ ಅವರ ಸಂಕಲ್ಪವು ಸಭೆಯ ಸಂಕಲ್ಪವಾಯಿತು. ಇಲಕಲ್ಲಿನ ಶ್ರೀ ವಿಜಯಮಹಾಂತ ಶಿವಯೋಗಿಗಳ ಆಶೀರ್ವಾದವನ್ನು ಪಡೆದು 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು.

ಸ್ಥಳವನ್ನು ಆರಿಸಿದುದರಲ್ಲಿಯೇ ಅವರ ದೂರದೃಷ್ಟಿ ಕಾಣುವದು. ಅಂದಿನ ವಿಜಾಪುರ ಜಿಲ್ಲೆಯ, ಇಂದಿನ ಬಾಗಲಕೋಟೆ ಜಿಲ್ಲೆಯ, ಬಾದಾಮಿ ತಾಲ್ಲೂಕಿನಲ್ಲಿ ಮಲಾಪಹಾರಿಯ ದಡ. ಸಮೀಪದಲ್ಲಿ ಮಹಾಕೂಟದ ತೀರ್ಥ. ಸುತ್ತಲೂ ಕೆಂಗಲ್ಲಿನ ಗುಡ್ಡಗಳು, ಅಡವಿ. ಪಟ್ಟಣದ ಗಲಾಟೆ ಅಲ್ಲಿಗೆ ಕೇಳಿಸದು. ಆದರೂ ಅದು ತಲುಪಲಾರದ ಎಡೆಯಲ್ಲ. ನಮ್ಮ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳು ಹುಬ್ಬಳ್ಳಿಯಿಂದ ಹರಿಹರಕ್ಕೆ ಹೋಗುವ ರೈಲುದಾರಿಯ ಮೇಲಿರುವವು. ಈ ಊರುಗಳ ತಂದೆಯು ಮಗನನ್ನು ಕರೆದುಕೊಂಡು ಹುಬ್ಬಳ್ಳಿ, ಗದಗುಗಳ ಮೇಲೆ ಬಾದಾಮಿಯ ಸ್ಟೇಶನ್ನಿಗೆ ಹೋಗಿ ಇಳಿದು, ಅಲ್ಲಿಂದ ಚಕ್ಕಡಿಯಲ್ಲಿಯೋ ಕಾಲುನಡಿಗೆಯಿಂದಲೋ ಮಂದಿರವನ್ನು ಸೇರಬಹುದಾಗಿತ್ತು. ಸಂಸ್ಥೆಗೆ ತಮ್ಮ ಹೆಸರನ್ನಾಗಲಿ ಹಾನಗಲ್ಲ ಮಠದ ಹೆಸರನ್ನಾಗಲಿ ಇಡಲಿಲ್ಲ. ಅದು ಯಾವ ಒಂದು ಮಠದ ಸ್ವತ್ತೂ ಆಗಕೂಡದು, ಗುರುವರ್ಗದವರೂ ವಿರಕ್ತರೂ ಇಬ್ಬರೂ ತಮ್ಮದೆಂದು ತಿಳಿಯಬೇಕು ಎಂಬುದು ಅವರ ಅಭಿಪ್ರಾಯವಾಗಿತ್ತು. ಆ ಇಬ್ಬರ ನಡುವಣ ಬಿರುಕು ಅಂದು ಎಷ್ಟು ಆಳವಾಗಿತ್ತೆಂಬುದನ್ನು ಬಲ್ಲವರಿಗೆ ಈ ನಡೆಯ ಧೈರ್ಯವು ತಿಳಿಯುವದು.

ಇನ್ನು ಅಲ್ಲಿಯ ವಾಸದ ಕ್ರಮ. ಸೇರಿದ ಬಾಲಕನಿಗೆ ವಟುವೆಂದೂ, ವಯಸ್ಸಿನಲ್ಲಿಯೂ ಅಭ್ಯಾಸದಲ್ಲಿಯೂ ಮುಂದುವರಿದವನಿಗೆ ಸಾಧಕನೆಂದೂ ಹೆಸರು. ಬೆಳಗಿನ ಜಾವದಲ್ಲಿ ಎದ್ದು ನದಿಯಲ್ಲಿ ಮಿಂದು, ಭಸ್ಮಧಾರಣ ಮಾಡಿ, ಇಷ್ಟಲಿಂಗಪೂಜೆಗೆ ಕುಳಿತುಕೊಳ್ಳುವದರಿಂದ ದಿನವು ಮೊದಲಾಗುವದು. ಮಾಗಿಯ ಚಳಿಯಲ್ಲಿ ಹೊಳೆಯ ನೀರಿಗೆ ಇಳಿಯುವದೆಂದರೆ ಎಂಟು ಹತ್ತು ವರ್ಷದ ಹುಡುಗನಿಗೆ ಎಂಥ ತಪಸ್ಸೆಂಬುದನ್ನು ಪಾಠಶಾಲೆಗಳಲ್ಲಿ ಬೆಳೆದ ನಮ್ಮಂಥವರು ಬಲ್ಲೆವು. ಪೂಜೆಯ ತರುವಾಯ ಪಾಠ. ಸಂಸ್ಕೃತದ ಶಬ್ದರೂಪಗಳಿಂದ ಹಿಡಿದು ವ್ಯಾಕರಣ, ಕಾವ್ಯಗಳ ವರೆಗೆ ಒಂದು ಕಡೆ. ನಿಜಗುಣರ ಶಾಸ್ತ್ರಗಳು, ಶರಣರ ವಚನಗಳು, ಪುರಾಣಗಳು ಇನ್ನೊಂದು ಕಡೆ. ಸಿದ್ಧಾಂತಶಿಖಾಮಣಿಯಂತಹ ಸಿದ್ಧಾಂತಗ್ರಂಥಗಳು ಮುಂದುವರಿದವರಿಗೆ. ಯೋಗಾಸನಗಳೂ ಪ್ರಾಣಾಯಾಮವೂ ಅಭ್ಯಾಸದ ಭಾಗಗಳಾಗಿದ್ದವು. ಆಯುರ್ವೇದಕ್ಕೂ ಸಂಗೀತಕ್ಕೂ ಅಲ್ಲಿ ಎಡೆಯಿತ್ತು. ತಾಡವೋಲೆಯ ಪ್ರತಿಗಳನ್ನು ಊರೂರುಗಳಿಂದ ತಂದು ಕೂಡಿಸಿದ ಗ್ರಂಥಭಾಂಡಾರವೂ ಬೆಳೆಯಿತು.

ಇವೆಲ್ಲಕ್ಕಿಂತ ಹೆಚ್ಚಾಗಿ ಗಮನಿಸತಕ್ಕದ್ದು ಗೋಶಾಲೆ ಮತ್ತು ವಿಭೂತಿಯ ಕಾಯಕ. ಮಂದಿರದ ಗೋವುಗಳ ಸೇವೆಯು ಕೂಲಿಯಾಳುಗಳ ಕೆಲಸವೆಂದು ಎಣಿಕೆಯಾಗಲಿಲ್ಲ. ಸೆಗಣಿಯನ್ನು ಕೂಡಿಸಿ ಒಣಗಿಸಿ ಸುಟ್ಟು, ಆ ಬೂದಿಯನ್ನು ಅರಿವೆಯಲ್ಲಿ ಸೋಸಿ, ನೀರಿನಲ್ಲಿ ಕಲಸಿ ತಿಳಿಗೊಳಿಸಿ, ಕೆಳಗೆ ನಿಂತ ನುಣುಪಾದ ಭಾಗವನ್ನು ಗಟ್ಟಿಗಳನ್ನಾಗಿ ಮಾಡಿ ಬಿಸಿಲಿನಲ್ಲಿ ಒಣಗಿಸುವ ಈ ಕೆಲಸವು ಅವಸರಪಡುವವನಿಗೆ ಒಲಿಯತಕ್ಕದ್ದಲ್ಲ. ಹಣೆಗೆ ಧರಿಸುವ ಭಸ್ಮವು ಹೇಗೆ ಹುಟ್ಟುವದೆಂಬುದನ್ನು ತನ್ನ ಕೈಯಿಂದ ಅರಿತ ವಟುವಿಗೆ ಅಷ್ಟಾವರಣದ ಪಾಠವನ್ನು ಬೇರೆಯಾಗಿ ಹೇಳಬೇಕೆ? ಪುಸ್ತಕದ ವಿದ್ಯೆಯೊಂದರಿಂದಲೇ ಸ್ವಾಮಿಯು ಸಿದ್ಧನಾಗುವನೆಂದು ಕುಮಾರ ಸ್ವಾಮಿಗಳು ಎಂದೂ ನಂಬಲಿಲ್ಲ. ಕಸ ಬಳಿಯುವದು, ಹೂ ಬಿಡಿಸುವದು, ಪ್ರಸಾದವನ್ನು ಎಡೆಯಲ್ಲಿ ಬಿಡದೆ ಸ್ವೀಕರಿಸುವದು, ಬೇನೆಬಿದ್ದ ಸಂಗಾತಿಯ ಆರೈಕೆ ಮಾಡುವದು, ಇವೂ ಅಭ್ಯಾಸಕ್ರಮದೊಳಗೆ ಸೇರಿದವು.

ಆದರೆ ಇಷ್ಟು ಮಕ್ಕಳ ಊಟಕ್ಕೆ ಏನು ಗತಿ? ರಾಜಾಶ್ರಯವಿಲ್ಲ, ದೊಡ್ಡ ಜಹಗೀರಿಲ್ಲ. ಸ್ವಾಮಿಗಳು ತಾವೇ ಜೋಳಿಗೆಯನ್ನು ಹಿಡಿದು ಊರೂರು ಸಂಚರಿಸಿದರು. ಬೆಳೆದವರು ಧಾನ್ಯವನ್ನು ಕೊಟ್ಟರು, ವರ್ತಕರು ಹಣವನ್ನು ಕೊಟ್ಟರು, ಕೆಲವರು ಮಾತು ಕೊಟ್ಟು ಮರೆತರು. ಕೆಲವು ವರ್ಷ ಮಳೆಯಾಗುತ್ತಿರಲಿಲ್ಲ, ಜೋಳಿಗೆಯು ತುಂಬುತ್ತಿರಲಿಲ್ಲ. ಪೀಠಾಧಿಪತಿಗಳಾದವರು ಹೀಗೆ ಮನೆಯ ಮುಂದೆ ನಿಲ್ಲುವದೇಕೆಂದು ಮೂಗು ಮುರಿದವರೂ ಇದ್ದರು. ಅದಕ್ಕೆ ಅವರು ಕಿವಿಗೊಡಲಿಲ್ಲ. ತಮಗಾಗಿ ಬೇಡುವದು ನಾಚಿಕೆ, ಮಕ್ಕಳಿಗಾಗಿ ಬೇಡುವದು ಜಂಗಮಧರ್ಮ ಎಂಬ ನಿಲವು ಅವರದು.

ಧನಧಾನ್ಯಗಳನ್ನು ಬೇಡುವದಕ್ಕಿಂತ ಕಠಿಣವಾದ ಭಿಕ್ಷೆಯೊಂದಿತ್ತು. ಅದು ಮಕ್ಕಳ ಭಿಕ್ಷೆ. ತಾಯಿಯು ತನ್ನ ಮಗನನ್ನು ಅಡವಿಯ ನಡುವಿನ ಮಂದಿರಕ್ಕೆ ಒಪ್ಪಿಸಿ, ಅವನು ಇನ್ನು ಸಂಸಾರಕ್ಕೆ ಮರಳದೆ ಹೋಗಬಹುದೆಂದು ತಿಳಿದೂ ಬರಿಗೈಯಲ್ಲಿ ಮನೆಗೆ ಹೋಗುವದು ಸಾಮಾನ್ಯವಾದ ಮಾತೆ? ಮಠಗಳ ಇತಿಹಾಸವನ್ನು ಬರೆಯುವಾಗ ನಾವು ಪಟ್ಟಾಧಿಕಾರಗಳ ಇಸವಿಗಳನ್ನು ಬರೆಯುವೆವು. ಈ ತಾಯಂದಿರ ಹೆಸರುಗಳು ಯಾವ ಕಡತದಲ್ಲಿಯೂ ಇರುವದಿಲ್ಲ. ನೀಲಮ್ಮನವರ ಮಗನಾಗಿ ತಾವೇ ಮನೆಯನ್ನು ತೊರೆದು ಬಂದ ಕುಮಾರ ಸ್ವಾಮಿಗಳಿಗೆ ಆ ನೋವು ತಿಳಿಯದುದಲ್ಲ. ಆದುದರಿಂದಲೇ ಮಂದಿರದಲ್ಲಿ ವಟುಗಳ ಅನ್ನಾರೋಗ್ಯಗಳ ವಿಷಯದಲ್ಲಿ ಅವರು ತಾಯಿಯಂತೆ ಕಳವಳಪಡುತ್ತಿದ್ದರು. ಪೂಜೆ ಪಾಠಗಳ ವಿಷಯದಲ್ಲಿ ಮಾತ್ರ ದಾಕ್ಷಿಣ್ಯವಿರಲಿಲ್ಲ. ಮಠಾಧಿಕಾರಿಗಳನ್ನು ಸಿದ್ಧಪಡಿಸುವದೇ ಉದ್ದೇಶವಾಗಿದ್ದುದರಿಂದ ಪ್ರವೇಶವು ಬಹುಮಟ್ಟಿಗೆ ಜಂಗಮ ವಟುಗಳಿಗೇ ಮೀಸಲಾಗಿತ್ತೆಂಬ ಆಕ್ಷೇಪಣೆಯನ್ನು ಈಚಿನವರು ಎತ್ತಿರುವರು. ಶರಣರ ಸಮತೆಯ ಮಾತನ್ನು ನೆನೆದಾಗ ಈ ಆಕ್ಷೇಪಣೆಯನ್ನು ತಳ್ಳಿಹಾಕಲಾಗದು. ಆದರೆ ಅಂದಿನ ಮಠಗಳ ಅಜ್ಞಾನವನ್ನು ಒಳಗಿನಿಂದಲೇ ತೊಳೆಯಲು ಹೊರಟವರು ಆ ಮಠಗಳಿಗೆ ಬರತಕ್ಕ ಮಕ್ಕಳಿಂದಲೇ ಪ್ರಾರಂಭಿಸಿದರೆಂಬುದನ್ನೂ ಮರೆಯಬಾರದು.

ಎಲ್ಲರೂ ಪಟ್ಟಕ್ಕಾಗಿಯೇ ಹುಟ್ಟಿದವರಲ್ಲವೆಂಬುದನ್ನೂ ಅವರು ಬಲ್ಲವರಾಗಿದ್ದರು. ಇದಕ್ಕೆ ಪಂಚಾಕ್ಷರಿ ಗವಾಯಿಗಳ ನಿದರ್ಶನವೇ ಸಾಕು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನೆಂಬ ಬಾಲಕನೂ ಅವನ ಅಣ್ಣನಾದ ಗುರುಬಸವಯ್ಯನೂ ಹುಟ್ಟುಕುರುಡರು. ಬಡತನದ ಮನೆ. ಅಂಥ ಮಕ್ಕಳಿಗೆ ಅಂದು ಭಿಕ್ಷೆಯ ಹೊರತು ಬೇರೆ ದಾರಿ ತೋರುತ್ತಿರಲಿಲ್ಲ. ಸ್ವಾಮಿಗಳು ಅವರ ಕಂಠಮಾಧುರ್ಯವನ್ನು ಗುರುತಿಸಿ ಸಂಗೀತಶಿಕ್ಷಣದ ಏರ್ಪಾಟನ್ನು ಮಾಡಿದರು. ಪಂಚಾಕ್ಷರಿಯವರನ್ನು ಮೈಸೂರಿಗೆ ಕಳಿಸಿ ಕರ್ನಾಟಕ ಪದ್ಧತಿಯನ್ನು ಕಲಿಸಿದರು. ಅಷ್ಟಕ್ಕೇ ಬಿಡದೆ, ನೀಲಕಂಠಬುವಾ ಮಿರಜಕರರನ್ನು ಶಿವಯೋಗಮಂದಿರಕ್ಕೇ ಕರೆಯಿಸಿ ಹಿಂದುಸ್ಥಾನಿ ಪದ್ಧತಿಯ ಅಭ್ಯಾಸವನ್ನೂ ಮಾಡಿಸಿದರು. ಒಬ್ಬ ಅಂಧ ಬಾಲಕನಿಗಾಗಿ ಸಂಗೀತಗುರುಗಳನ್ನು ಅಡವಿಗೆ ಬರಮಾಡಿಕೊಂಡ ಸ್ವಾಮಿಗಳು ಎಷ್ಟು ಜನರಿರುವರು? ಪಂಚಾಕ್ಷರಿ ಗವಾಯಿಗಳು ಅಂಧರಿಗೂ ಅನಾಥರಿಗೂ ಅನ್ನವಿಟ್ಟು ಸಂಗೀತ ಕಲಿಸುವ ಸಂಚಾರಿ ಪಾಠಶಾಲೆಯನ್ನು ನಡೆಸಿ, ಕೊನೆಗೆ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆಗೊಳಿಸಿ, 1944ರಲ್ಲಿ ಲಿಂಗೈಕ್ಯರಾದರು. ಅವರ ತರುವಾಯ ಆ ಆಶ್ರಮವನ್ನು 2010ರ ವರೆಗೆ ನಡೆಸಿದ ಪುಟ್ಟರಾಜ ಗವಾಯಿಗಳು ಹಾನಗಲ್ಲ ತಾಲ್ಲೂಕಿನ ದೇವಗಿರಿಯವರು. ಬಸವರಾಜ ರಾಜಗುರುಗಳಂತಹ ಗಾಯಕರು ಪಂಚಾಕ್ಷರಿ ಗವಾಯಿಗಳ ಶಿಷ್ಯರೆಂಬುದನ್ನು ಸಂಗೀತರಸಿಕರು ಬಲ್ಲರು.

ಮಂದಿರದಲ್ಲಿ ಕಲಿತ ಸಾಧಕರು ಕನ್ನಡ ನಾಡಿನ ನಾನಾ ಮಠಗಳಿಗೆ ಬಿಜಯಂಗೈದು, ತಾವು ಕಂಡ ಕ್ರಮವನ್ನು ತಮ್ಮ ತಮ್ಮ ಸ್ಥಾನಗಳಲ್ಲಿ ನಡೆಸಿದರು. ಪ್ರಸಾದನಿಲಯಗಳೂ ಪಾಠಶಾಲೆಗಳೂ ಅಲ್ಲಲ್ಲಿ ಎದ್ದವು. ನಮ್ಮ ಸೀಮೆಯ ಮಟ್ಟಿಗೆ ಹೇಳುವದಾದರೆ ಹಾವೇರಿಯ ಹುಕ್ಕೇರಿಮಠದ ಶ್ರೀ ಶಿವಬಸವ ಸ್ವಾಮಿಗಳು ಮಂದಿರದ ಕಾರ್ಯಕ್ಕೆ ಹೆಗಲು ಕೊಟ್ಟು ದುಡಿದವರಲ್ಲಿ ಅಗ್ರಗಣ್ಯರು. ಹಾವೇರಿಯ ಜನರು ಇಂದಿಗೂ ಅವರನ್ನು ನೆನೆಯದ ದಿನವಿಲ್ಲ.

ಸ್ವಾಮಿಗಳ ದೇಹವು ನಿರಂತರ ಸಂಚಾರದಿಂದ ಜರ್ಜರಿತವಾಗಿತ್ತು. ಹಾನಗಲ್ಲ ಮಠದ ಅಧಿಕಾರವಿದ್ದರೂ ಅಲ್ಲಿ ನೆಮ್ಮದಿಯಾಗಿ ಕುಳಿತ ದಿನಗಳು ಕಡಿಮೆ. ಕೊನೆಯ ದಿನಗಳನ್ನೂ ಅವರು ಮಲಾಪಹಾರಿಯ ದಡದಲ್ಲಿ ವಟುಗಳ ನಡುವೆಯೇ ಕಳೆದರು. 1930ನೆಯ ಇಸವಿಯ ಫೆಬ್ರುವರಿ ತಿಂಗಳಲ್ಲಿ, ತಮ್ಮ 63ನೆಯ ವಯಸ್ಸಿನಲ್ಲಿ, ಶಿವಯೋಗಮಂದಿರದಲ್ಲಿಯೇ ಲಿಂಗೈಕ್ಯರಾದರು. ಅವರ ಗದ್ದುಗೆಯು ಅಲ್ಲಿಯೇ ಇರುವದು. ಅವರ ಚರಿತ್ರೆಯು 2023ರಲ್ಲಿ ವಿರಾಟಪುರ ವಿರಾಗಿ ಎಂಬ ಹೆಸರಿನ ಚಲಚ್ಚಿತ್ರವಾಗಿ ತೆರೆಗೆ ಬಂದುದನ್ನು ನಮ್ಮ ಭಕ್ತರಲ್ಲಿ ಅನೇಕರು ನೋಡಿರಬಹುದು.

ಮಂದಿರದಲ್ಲಿ ವಟುಗಳ ವಾಸವೂ ಅಧ್ಯಯನವೂ ಇಂದಿಗೂ ನಿಂತಿಲ್ಲ. ಗೋಶಾಲೆಯುಂಟು, ವಿಭೂತಿಯ ಗಟ್ಟಿಗಳು ಈಗಲೂ ಅಲ್ಲಿ ಸಿದ್ಧವಾಗಿ ಊರೂರಿಗೆ ಹೋಗುವವು. ರಾಣೇಬೆನ್ನೂರು, ಬ್ಯಾಡಗಿ, ಹಾವೇರಿಗಳ ಭಕ್ತರಲ್ಲಿ ಅನೇಕರು ಬೆಳಿಗ್ಗೆ ಪೂಜೆಗೆ ಕುಳಿತಾಗ ಹಣೆಗೆ ಧರಿಸುವದು ಆ ವಿಭೂತಿಯನ್ನೇ.